ಜಪಾನಿನ ಸಂವಿಧಾನ ಬರೆದದ್ದು ಅಮೆರಿಕದವರು, ಸರಿ. ಅದು ಇಷ್ಟು ವರ್ಷ ಉಳಿದದ್ದು ಹೇಗೆ?

ಪ್ರಶ್ನೆ: ಜಪಾನಿನ ಈಗಿನ ಸಂವಿಧಾನವನ್ನು ಅಮೆರಿಕದ ಸೇನಾಧಿಕಾರಿಗಳು ಒಂದು ವಾರದಲ್ಲಿ ಬರೆದುಕೊಟ್ಟರು ಅಂತ ಓದಿದೆ. ಇದು ನಿಜವಾ? ನಿಜವಾದರೆ, ಗೆದ್ದವರು ಹೇರಿದ್ದನ್ನು ಜಪಾನಿನವರು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ? ನಮ್ಮ ಸಂವಿಧಾನವೂ ಹೊರಗಿನಿಂದ ಎತ್ತಿಕೊಂಡದ್ದು ಅಂತ ಕೆಲವರು ವಾದ ಮಾಡುತ್ತಾರೆ. ಎರಡೂ ಒಂದೇನಾ? (ಕಾನೂನು ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ನಿಜ. ಒಂದು ವಾರ ಅನ್ನುವುದೂ ಹೆಚ್ಚುಕಡಿಮೆ ಸರಿಯೇ. 1946ರ ಫೆಬ್ರವರಿ 4ಕ್ಕೆ ಕೆಲಸ ಶುರುವಾಯಿತು. 12ಕ್ಕೆ ಕರಡು ಸಿದ್ಧವಾಯಿತು. 13ಕ್ಕೆ ಅದನ್ನು ಜಪಾನಿನ ಮಂತ್ರಿಗಳ ಕೈಗೆ ಕೊಟ್ಟೂ ಆಯಿತು. ಆದರೆ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಗುವುದು ಅದರ ಮುಂದಿನ ತಿಂಗಳುಗಳಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ಗೆದ್ದ ಮಿತ್ರಪಡೆಗಳ ಮುಖ್ಯಸ್ಥನಾಗಿ ಟೋಕಿಯೋಗೆ ಬಂದ ಅಮೆರಿಕದ ಜನರಲ್ ಡಗ್ಲಸ್ ಮೆಕಾರ್ಥರ್ ದಾಯ್-ಇಚಿ ವಿಮಾ ಕಂಪನಿಯ ಕಟ್ಟಡದಲ್ಲಿ ಕಚೇರಿ ತೆರೆದ. ಆಗ ಜಪಾನಿನಲ್ಲಿ ಇದ್ದದ್ದು 1889ರ ಮೇಜಿ ಸಂವಿಧಾನ. ಅದರ ಪ್ರಕಾರ ಅಧಿಕಾರವೆಲ್ಲ ಚಕ್ರವರ್ತಿಯದು. ಇದನ್ನು ಬದಲಾಯಿಸಿ ಅಂತ ಮೆಕಾರ್ಥರ್ ಮೊದಲು ಹೇಳಿದ್ದು ಜಪಾನ್ ಸರ್ಕಾರಕ್ಕೇ. ಮಂತ್ರಿ ಮಾತ್ಸುಮೋತೋ ಜೋಜಿ ಅವರ ನೇತೃತ್ವದಲ್ಲಿ ಒಂದು ಸಮಿತಿಯೂ ಕೂತಿತು. ಕೂತು ಮಾಡಿದ್ದೇನು? ಚಕ್ರವರ್ತಿ 'ಪವಿತ್ರನು, ಪ್ರಶ್ನಾತೀತನು' ಅಂತ ಇದ್ದದ್ದನ್ನು 'ಸರ್ವೋಚ್ಚನು, ಪ್ರಶ್ನಾತೀತನು' ಅಂತ ಮಾಡಿದರು! ಉಳಿದ ಬದಲಾವಣೆಗಳ ಗಾತ್ರವೂ ಸುಮಾರು ಇಷ್ಟೇ. ಫೆಬ್ರವರಿ 1ರಂದು ಸಮಿತಿಯ ಒಂದು ಕರಡು ಮೈನಿಚಿ ಪತ್ರಿಕೆಯಲ್ಲಿ ಬಯಲಾಯಿತು. ಅದನ್ನು ನೋಡಿದ ಮೆಕಾರ್ಥರ್‌ಗೆ ಇವರಿಂದ ಆಗುವ ಕೆಲಸ ಅಲ್ಲ ಅಂತ ಖಾತ್ರಿಯಾಯಿತು.

ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಜಪಾನಿನ ಮೇಲುಸ್ತುವಾರಿಗೆ 11 ದೇಶಗಳ ದೂರಪ್ರಾಚ್ಯ ಆಯೋಗ ಅಂತ ಒಂದನ್ನು ಮಾಡಿದ್ದರು. ಬ್ರಿಟಿಷರ ಕೈಯಲ್ಲಿದ್ದ ಭಾರತವೂ ಅದರಲ್ಲಿತ್ತು. ಆಯೋಗ ಫೆಬ್ರವರಿ ಕೊನೆಗೆ ಸೇರಬೇಕಿತ್ತು. ಅದು ಸೇರಿತು ಅಂದರೆ ಸಂವಿಧಾನದ ವಿಷಯದಲ್ಲಿ ಮೆಕಾರ್ಥರ್ ಒಬ್ಬನ ಮಾತು ನಡೆಯುವುದಿಲ್ಲ. ಅದರಲ್ಲಿದ್ದ ಕೆಲವು ದೇಶಗಳಿಗೆ ಚಕ್ರವರ್ತಿ ಹಿರೋಹಿತೋ ಮೇಲೆ ಯುದ್ಧಾಪರಾಧದ ವಿಚಾರಣೆ ಆಗಬೇಕಿತ್ತು. ಮೆಕಾರ್ಥರ್‌ಗೆ ಅದು ಸುತಾರಾಂ ಬೇಡ. ಚಕ್ರವರ್ತಿಯನ್ನು ಮುಟ್ಟಿದರೆ ದೇಶವನ್ನು ಹಿಡಿತದಲ್ಲಿಡಲು ಕನಿಷ್ಠ 10 ಲಕ್ಷ ಸೈನಿಕರು ಬೇಕಾಗುತ್ತಾರೆ ಅಂತ ಜನವರಿಯಲ್ಲೇ ವಾಷಿಂಗ್ಟನ್‌ಗೆ ತಂತಿ ಕಳಿಸಿದ್ದ. ಹಾಗಾಗಿ ಚಕ್ರವರ್ತಿಯನ್ನು ಉಳಿಸಬೇಕು, ಆದರೆ ಅವನ ಹಲ್ಲು ಕಿತ್ತಿದ್ದೇವೆ ಅಂತ ಜಗತ್ತಿಗೆ ತೋರಿಸಲೂ ಬೇಕು. ಅದೂ ಆಯೋಗ ಸೇರುವ ಮೊದಲು.

ಹಾಗಾಗಿ ಕರಡನ್ನು ಮೆಕಾರ್ಥರ್ ತನ್ನ ಕಚೇರಿಯವರಿಂದಲೇ ಬರೆಸಿದ. ಬರೆದವರು ಸುಮಾರು ಎರಡು ಡಜನ್ ಜನ. ಮುಂದೆ ನಿಂತು ನಡೆಸಿದ ಚಾರ್ಲ್ಸ್ ಕೇಡಿಸ್, ಮೈಲೋ ರೋವೆಲ್, ಆಲ್ಫ್ರೆಡ್ ಹಸ್ಸಿ ಮೂವರೂ ವಕೀಲರು. ಆದರೆ ಸಂವಿಧಾನ ಶಾಸ್ತ್ರದ ಪಂಡಿತರು ಅಂತ ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ನನಗೆ ಅವರೆಲ್ಲರಿಗಿಂತ ಆಸಕ್ತಿ ಹುಟ್ಟಿಸುವವರು ಬೇಯಾಟೆ ಸಿರೋಟಾ. ಆಗ ವಯಸ್ಸು 22. ಹುಟ್ಟಿದ್ದು ವಿಯೆನ್ನಾದಲ್ಲಿ. ತಂದೆ ಲಿಯೋ ಸಿರೋಟಾ ಪಿಯಾನೋ ವಾದಕರು, ಟೋಕಿಯೋದಲ್ಲಿ ಪಾಠ ಹೇಳುತ್ತಿದ್ದರು. ಮಗಳು ಬೆಳೆದದ್ದು ಅಲ್ಲೇ. ಜಪಾನಿ ಭಾಷೆ ನೀರು ಕುಡಿದಷ್ಟು ಸಲೀಸು. ಆ ಗುಂಪಿನಲ್ಲಿ ಜಪಾನಿನ ಮನೆಗಳ ಒಳಗೆ ಹೆಣ್ಣುಮಕ್ಕಳ ಪಾಡು ಏನು ಅಂತ ಕಣ್ಣಾರೆ ಕಂಡಿದ್ದವರು ಅವರೊಬ್ಬರೇ ಅಂದರೂ ತಪ್ಪಿಲ್ಲ.

ಹೆಂಗಸರ ಹಕ್ಕುಗಳ ಭಾಗ ನೀನು ಬರೆ ಅಂದ ಕೂಡಲೇ ಅವರು ಒಂದು ಜೀಪು ಹತ್ತಿ ಟೋಕಿಯೋದ ಗ್ರಂಥಾಲಯಗಳನ್ನು ಸುತ್ತಿದರು. ಬಾಂಬಿಗೆ ಸುಟ್ಟು ಉಳಿದ ಊರು ಅದು. ಜರ್ಮನಿಯ ವೈಮಾರ್ ಸಂವಿಧಾನ, ಸೋವಿಯತ್ ಸಂವಿಧಾನ, ಸ್ಕ್ಯಾಂಡಿನೇವಿಯಾದ ದೇಶಗಳದ್ದು, ಸಿಕ್ಕಿದ್ದನ್ನೆಲ್ಲ ತಂದರು. ಒಂದೇ ಕಡೆ ಅಷ್ಟೂ ಕೇಳಿದರೆ ಗುಟ್ಟು ರಟ್ಟಾದೀತು ಅಂತ ಬೇರೆ ಬೇರೆ ಕಡೆ ಹೋದರಂತೆ. ಮದುವೆ ಇಬ್ಬರ ಒಪ್ಪಿಗೆಯ ಮೇಲೆ ಮಾತ್ರ ನಡೆಯಬೇಕು, ಗಂಡ ಹೆಂಡತಿಗೆ ಸಮಾನ ಹಕ್ಕು ಇರಬೇಕು ಅನ್ನುವ ಇಂದಿನ 24ನೇ ವಿಧಿ ಅವರ ಕೈಯಿಂದ ಬಂದದ್ದು. ಬಸುರಿ ಬಾಣಂತಿಯರ ಆರೈಕೆ, ಮದುವೆಯಾಚೆ ಹುಟ್ಟಿದ ಮಕ್ಕಳ ಹಕ್ಕು ಅಂತ ಇನ್ನೂ ಎಷ್ಟೋ ಬರೆದಿದ್ದರು. ಇದೆಲ್ಲ ಸಂವಿಧಾನದಲ್ಲಿ ಬೇಡ, ಕಾನೂನಿನಲ್ಲಿ ಬರಲಿ ಅಂತ ಕೇಡಿಸ್ ಮತ್ತು ಜೊತೆಯವರು ಕತ್ತರಿಸಿದರು. ಸಿರೋಟಾ ಅತ್ತುಬಿಟ್ಟರು. ಈ ವಿವರವೆಲ್ಲ ಸಿರೋಟಾ ಅವರೇ ಮುಂದೆ ಹೇಳಿಕೊಂಡದ್ದು.

ಫೆಬ್ರವರಿ 13ರ ಭೇಟಿ ನಡೆದದ್ದು ವಿದೇಶಾಂಗ ಮಂತ್ರಿಯ ನಿವಾಸದಲ್ಲಿ. ಜಪಾನಿನ ಕಡೆಯವರು ತಮ್ಮ ಕರಡಿನ ಬಗ್ಗೆ ಮಾತುಕತೆ ಅಂದುಕೊಂಡು ಕೂತಿದ್ದರು. ಮೆಕಾರ್ಥರ್ ಕಚೇರಿಯ ಜನರಲ್ ಕೋರ್ಟ್ನಿ ವಿಟ್ನಿ ಅದನ್ನು ಪಕ್ಕಕ್ಕಿಟ್ಟು, ತಮ್ಮ ಕರಡು ಕೊಟ್ಟು, ಓದಿಕೊಳ್ಳಿ ಅಂತ ತೋಟಕ್ಕೆ ಹೋಗಿ ಬಿಸಿಲು ಕಾಯುತ್ತಾ ನಿಂತ. ಸ್ವಲ್ಪ ಹೊತ್ತಿಗೆ ಕರೆಯಲು ಬಂದ ಜಪಾನಿನ ಕಡೆಯ ಶಿರಾಸು ಜಿರೋ ಅವರಿಗೆ, ನಿಮ್ಮ ಅಣುಬಿಸಿಲನ್ನು ಅನುಭವಿಸುತ್ತಿದ್ದೆವು ಅಂದ. ಹಿರೋಶಿಮಾ ಆಗಿ ಆರು ತಿಂಗಳಾಗಿತ್ತು ಅಷ್ಟೇ. ತಲೆಯ ಮೇಲೆ ಒಂದು ಬಿ-29 ಬಾಂಬರ್ ವಿಮಾನವೂ ಹಾದುಹೋಯಿತು. ಈ ಕರಡನ್ನು ಒಪ್ಪಿದರೆ ಚಕ್ರವರ್ತಿ ಸುರಕ್ಷಿತ, ಒಪ್ಪದಿದ್ದರೆ ಇದನ್ನು ನೇರವಾಗಿ ಜನರ ಮುಂದಿಡುತ್ತೇವೆ ಅಂತ ಆ ದಿನ ಹೇಳಲಾಯಿತು. ಇದು ಒತ್ತಾಯ ಅಲ್ಲ, ಬರೀ ಸಲಹೆ ಅಂತ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಅಷ್ಟೇ ಅಲ್ಲ, ಈ ಕರಡಿನ ಹಿಂದೆ ಮೆಕಾರ್ಥರ್ ಕಚೇರಿ ಇದೆ ಅಂತ ಬರೆಯುವುದನ್ನೇ ಪತ್ರಿಕೆಗಳಿಗೆ ನಿಷೇಧಿಸಿದ್ದರು. ಅದೇ ಕರಡಿನಲ್ಲಿ ಪತ್ರಿಕಾ ಸ್ವಾತಂತ್ರ್ಯವೂ ಇತ್ತು ಅನ್ನುವುದು ಬೇರೆ ಮಾತು.

ಮುಂದಿನ ಘಟ್ಟ ಮಾರ್ಚ್ 4ರದ್ದು. ಅಮೆರಿಕದ ಕರಡನ್ನು ಆಧರಿಸಿ ಜಪಾನ್ ಸರ್ಕಾರ ತನ್ನದೊಂದು ಪ್ರತಿ ಮಾಡಿಕೊಂಡು ಬಂತು. ಅದರಲ್ಲಿ ಅಲ್ಲಲ್ಲಿ ಮೆಲ್ಲಗೆ ನೀರು ಬೆರೆಸಿದ್ದರು. ಅಮೆರಿಕದವರು ಕುಳಿತಲ್ಲೇ ಅದನ್ನು ಇಂಗ್ಲಿಷಿಗೆ ಮಾಡಿಸಿ, ಸಾಲು ಸಾಲು ಹೋಲಿಸಿ, ಜಗಳಕ್ಕೆ ನಿಂತರು. ಮಾತ್ಸುಮೋತೋ ಮಧ್ಯದಲ್ಲೇ ಎದ್ದು ಹೋದರು. ಉಳಿದವರು ಕಾನೂನು ಇಲಾಖೆಯ ಸಾತೋ ತಾತ್ಸುಓ. ಸುಮಾರು 30 ಗಂಟೆ ನಿದ್ದೆ ಇಲ್ಲದೆ ಅವರು ಒಂದೊಂದು ವಿಧಿಗೂ ಗುದ್ದಾಡಿದರು. ಹೆಂಗಸರ ಹಕ್ಕಿನ ವಿಧಿ ಬಂದಾಗ ಇದು ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಅಂತ ಜಪಾನಿನ ಕಡೆಯಿಂದ ತಕರಾರು ಎದ್ದಿತು. ಸಿರೋಟಾ ಆ ರಾತ್ರಿ ದುಭಾಷಿಯಾಗಿ ಅಲ್ಲೇ ಇದ್ದರು, ಜಪಾನಿನವರಿಗೂ ಸಾಕಷ್ಟು ನೆರವಾಗಿದ್ದರು. ಕೇಡಿಸ್ ಸಿರೋಟಾ ಕಡೆ ತೋರಿಸಿ, ಈ ಹುಡುಗಿ ಇದಕ್ಕೆ ಜೀವ ಇಟ್ಟುಕೊಂಡಿದ್ದಾಳೆ, ಇದನ್ನು ಹೀಗೇ ಬಿಡೋಣ ಅಂದನಂತೆ. ಬಿಟ್ಟರು.

ಜಪಾನಿನ ಕಡೆಯವರು ಬರೀ ಸಹಿ ಹಾಕಲಿಲ್ಲ ಅನ್ನುವುದನ್ನು ಗಮನಿಸಿ. ಅಮೆರಿಕದ ಕರಡಿನಲ್ಲಿ ಇದ್ದದ್ದು ಒಂದೇ ಸದನ. ಹಟ ಹಿಡಿದು ಎರಡು ಮಾಡಿಸಿಕೊಂಡರು. ಭೂಮಿಯ ಅಂತಿಮ ಒಡೆತನ ಸರ್ಕಾರದ್ದು ಅನ್ನುವ ವಿಧಿಯನ್ನು ಕಿತ್ತು ಹಾಕಿಸಿದರು. ಏಪ್ರಿಲ್ 10ರಂದು ಚುನಾವಣೆ ನಡೆಯಿತು. ಹೆಂಗಸರು ಮೊದಲ ಸಲ ಮತ ಹಾಕಿದರು, 39 ಹೆಂಗಸರು ಗೆದ್ದು ಬಂದರು. ಕರಡು ಈ ಸಂಸತ್ತಿನ ಮುಂದೆ ಬಂತು. 'ಕನಿಷ್ಠ ಮಟ್ಟದ ಆರೋಗ್ಯಕರ, ಸುಸಂಸ್ಕೃತ ಬದುಕು' ಪ್ರತಿಯೊಬ್ಬರ ಹಕ್ಕು ಅನ್ನುವ 25ನೇ ವಿಧಿ ಇದೆಯಲ್ಲ, ಅದು ಅಮೆರಿಕದ ಕರಡಿನಲ್ಲಿ ಇರಲೇ ಇಲ್ಲ. ಜಪಾನಿನ ಸಮಾಜವಾದಿ ಸದಸ್ಯರು ಸೇರಿಸಿದ್ದು. ಯುದ್ಧ ಬಿಡುವ 9ನೇ ವಿಧಿಗೆ ಆಶಿದಾ ಹಿತೋಶಿ ಅವರ ಉಪಸಮಿತಿ ಒಂದು ಸಣ್ಣ ವಾಕ್ಯಖಂಡ ಸೇರಿಸಿತು. ಆತ್ಮರಕ್ಷಣೆಗೆ ಪಡೆ ಇಟ್ಟುಕೊಳ್ಳಬಹುದು ಅನ್ನುವ ವಾದಕ್ಕೆ ಮುಂದೆ ಅದೇ ಬಾಗಿಲು ತೆರೆಯಿತು. ಆಗಸ್ಟ್ 24ರಂದು ಕೆಳಮನೆ ಇದನ್ನು 421ಕ್ಕೆ 8 ಮತಗಳಿಂದ ಒಪ್ಪಿತು. ವಿರೋಧಿಸಿದವರಲ್ಲಿ ಹೆಚ್ಚಿನವರು ಕಮ್ಯುನಿಸ್ಟರು. ಪ್ರತಿ ದೇಶಕ್ಕೂ ಆತ್ಮರಕ್ಷಣೆಯ ಹಕ್ಕಿದೆ, ಸೇನೆಯನ್ನು ಪೂರಾ ಬಿಡುವುದು ತಪ್ಪು ಅಂತ ಅವರ ನಾಯಕ ನೊಸಾಕಾ ಸಾಂಜೋ ವಾದಿಸಿದ್ದರು! ನವೆಂಬರ್ 3ಕ್ಕೆ ಘೋಷಣೆಯಾಯಿತು. 1947ರ ಮೇ 3ರಿಂದ ಜಾರಿ.

ಇನ್ನೊಂದು ಎಳೆ ಇದೆ. 1945ರ ಡಿಸೆಂಬರ್‌ನಲ್ಲೇ ಸುಜುಕಿ ಯಾಸುಜೋ ಮತ್ತು ಅವರ ಗೆಳೆಯರ ಒಂದು ಖಾಸಗಿ ಗುಂಪು ತಮ್ಮದೇ ಕರಡು ಪ್ರಕಟಿಸಿತ್ತು. ಅಧಿಕಾರ ಜನರದ್ದು, ಚಕ್ರವರ್ತಿಗೆ ವಿಧ್ಯುಕ್ತ ಕೆಲಸ ಮಾತ್ರ ಅಂತ ಅದರಲ್ಲಿ ಆಗಲೇ ಇತ್ತು. ಸುಜುಕಿ ಓದಿಕೊಂಡದ್ದು 1880ರ ದಶಕದ ಜನಹಕ್ಕು ಚಳವಳಿಯ ಉಏಕಿ ಎಮೋರಿ ಅಂಥವರನ್ನು. ರೋವೆಲ್ ಈ ಕರಡನ್ನು ಜನವರಿಯಲ್ಲಿ ಕೂತು ಓದಿ, ಮೆಚ್ಚಿ, ಟಿಪ್ಪಣಿ ಬರೆದಿದ್ದ. ಇನ್ನು, 1947ರದ್ದು ಪರದೇಶಿ, 1889ರದ್ದು ಅಪ್ಪಟ ಸ್ವದೇಶಿ ಅನ್ನುವವರೂ ಇದ್ದಾರೆ. 1889ರದ್ದಕ್ಕಾಗಿ ಇತೋ ಹಿರೋಬುಮಿ ಬರ್ಲಿನ್, ವಿಯೆನ್ನಾಗಳಿಗೆ ಹೋಗಿ ಪಾಠ ಹೇಳಿಸಿಕೊಂಡು ಬಂದರು. ಬರೆಯಲು ಹರ್ಮನ್ ರೋಸ್ಲರ್ ಅನ್ನುವ ಜರ್ಮನ್ ಸಲಹೆಗಾರ ಪಕ್ಕದಲ್ಲೇ ಇದ್ದ. ಜನರಿಂದ ಆರಿಸಿ ಬಂದ ಒಂದು ಸಭೆಯೂ ಅದನ್ನು ನೋಡಲಿಲ್ಲ.

ಈಗ ನಿಮ್ಮ 'ಯಾಕೆ ಇಟ್ಟುಕೊಂಡರು' ಅನ್ನುವ ಪ್ರಶ್ನೆ. ಮನೆ ಕಟ್ಟಿದ ಮೇಸ್ತ್ರಿ ಯಾವ ಊರಿನವನು ಅನ್ನುವುದಕ್ಕಿಂತ ಬೀಗದ ಕೈ ಯಾರ ಹತ್ತಿರ ಇದೆ, ಒಳಗೆ ಇರುವವರಿಗೆ ಮನೆ ಒಗ್ಗಿದೆಯಾ ಅಂತ ನೋಡಬೇಕು. ಜಪಾನಿನಲ್ಲಿ ಬೀಗದ ಕೈ ಬೇಗನೆ ಒಳಗಿನವರಿಗೇ ಸಿಕ್ಕಿತು. ಜಾರಿಯಾದ ಒಂದೆರಡು ವರ್ಷದೊಳಗೆ ಈ ಸಂವಿಧಾನವನ್ನು ಮರುಪರಿಶೀಲನೆ ಮಾಡಬಹುದು ಅಂತ ದೂರಪ್ರಾಚ್ಯ ಆಯೋಗ ತೀರ್ಮಾನಿಸಿತ್ತು. ಮೆಕಾರ್ಥರ್ ಅದನ್ನು ಪ್ರಧಾನಿ ಯೋಶಿದಾಗೆ ತಿಳಿಸಿದ. ಜಪಾನ್ ಸರ್ಕಾರ ಮುಟ್ಟಲಿಲ್ಲ.

ಬದಲಾಯಿಸಿ ಅನ್ನುವ ಒತ್ತಾಯ ಮುಂದೆ ಬಂದದ್ದು ಸ್ವತಃ ಅಮೆರಿಕದಿಂದ. 1950ರಲ್ಲಿ ಕೊರಿಯಾ ಯುದ್ಧ ಶುರುವಾದ ಕೂಡಲೇ 75,000 ಜನರ ಪೊಲೀಸ್ ಮೀಸಲು ಪಡೆ ಕಟ್ಟಿ ಅಂತ ಮೆಕಾರ್ಥರ್ ಹೇಳಿದ. 1953ರಲ್ಲಿ ಉಪಾಧ್ಯಕ್ಷ ನಿಕ್ಸನ್ ಟೋಕಿಯೋಗೆ ಬಂದು, ಜಪಾನಿನಿಂದ ಆಯುಧ ಬಿಡಿಸಿದ್ದು ನಮ್ಮ ತಪ್ಪು ಅಂತ ಬಹಿರಂಗವಾಗಿ ಒಪ್ಪಿಕೊಂಡ. 1955ರಲ್ಲಿ ಹುಟ್ಟಿದ ಲಿಬರಲ್ ಡೆಮಾಕ್ರಟಿಕ್ ಪಕ್ಷಕ್ಕೆ ಸಂವಿಧಾನ ತಿದ್ದುವುದು ಮೊದಲಿನಿಂದ ಇರುವ ಗುರಿ. ದಶಕಗಟ್ಟಲೆ ಆಳಿಯೂ ಅದಕ್ಕೆ ಆಗಲಿಲ್ಲ. ಇಂದಿಗೂ ಒಂದು ತಿದ್ದುಪಡಿಯೂ ಆಗಿಲ್ಲ. ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ, ಮೇಲೆ ಜನಮತಗಣನೆ ಬೇಕು ಅನ್ನುವ 96ನೇ ವಿಧಿ ಗಟ್ಟಿಯಾಗಿದೆ, ಒಪ್ಪುತ್ತೇನೆ. ಆದರೆ ಅದೊಂದೇ ಕಾರಣ ಆಗಿದ್ದರೆ ಜನರಲ್ಲಿ ಇಷ್ಟು ಹೊತ್ತಿಗೆ ಬೇಸರ ಕಟ್ಟೆಯೊಡೆಯುತ್ತಿತ್ತು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರಿಗೆ 9ನೇ ವಿಧಿ ಬೇಕಿತ್ತು. ಹಳೇ ಕಾನೂನಿನಲ್ಲಿ ಮದುವೆಗೆ ಮನೆ ಯಜಮಾನನ ಅಪ್ಪಣೆ ಬೇಕಿತ್ತು, ಹೆಂಡತಿಯ ಆಸ್ತಿ ಗಂಡನ ಕೈಯಲ್ಲಿತ್ತು. ಇದರಿಂದ ಬಿಡಿಸಿಕೊಂಡ ಹೆಂಗಸರು 24ನೇ ವಿಧಿಯನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ. ಸಂಪ್ರದಾಯವಾದಿಗಳಿಗೂ ಚಕ್ರವರ್ತಿ ಉಳಿದ ಸಮಾಧಾನ ಇತ್ತು.

ಇದನ್ನು ಕ್ಯೂಬಾದ ಪಕ್ಕ ಇಟ್ಟು ನೋಡಿ. 1898ರಲ್ಲಿ ಸ್ಪೇನ್ ಹೋಯಿತು, ಅಮೆರಿಕದ ಸೇನೆ ಬಂತು. ಕ್ಯೂಬಾದವರು ತಮ್ಮ ಸಂವಿಧಾನವನ್ನು ತಾವೇ ಬರೆದುಕೊಂಡರು. ಆದರೆ ಸೆನೆಟರ್ ಪ್ಲಾಟ್ ಹೆಸರಿನ ತಿದ್ದುಪಡಿಯನ್ನು ಅದಕ್ಕೆ ಅಂಟಿಸದೆ ನಮ್ಮ ಸೇನೆ ಹೊರಡುವುದಿಲ್ಲ ಅಂತ ವಾಷಿಂಗ್ಟನ್ ಹೇಳಿತು. ಬೇಕಾದಾಗ ಕ್ಯೂಬಾದೊಳಗೆ ನುಗ್ಗುವ ಹಕ್ಕು ಅಮೆರಿಕಕ್ಕೆ, ನೌಕಾನೆಲೆಗೆ ಜಾಗ ಅಮೆರಿಕಕ್ಕೆ, ಸಾಲ ಮಾಡಲು, ಒಪ್ಪಂದ ಮಾಡಿಕೊಳ್ಳಲು ಕ್ಯೂಬಾಕ್ಕೆ ಮಿತಿ. 1901ರ ಜೂನ್‌ನಲ್ಲಿ 16ಕ್ಕೆ 11 ಮತಗಳಿಂದ ಒಪ್ಪಬೇಕಾಯಿತು. ಇಲ್ಲಿ ಬರೆದ ಕೈ ಬಹುಪಾಲು ಒಳಗಿನದ್ದೇ. ಆದರೆ ಬೀಗ ಹೊರಗಿನವರದ್ದು. ಕ್ಯೂಬಾದಲ್ಲಿ ಈ ತಿದ್ದುಪಡಿಗೆ ಸ್ವಂತದವರು ಅಂತ ಯಾರೂ ಹುಟ್ಟಲಿಲ್ಲ. 1934ರಲ್ಲಿ ಅದು ಹೋಯಿತು. ಗ್ವಾಂಟನಾಮೊ ನೆಲೆ ಮಾತ್ರ ಇನ್ನೂ ಅಮೆರಿಕದ ಕೈಯಲ್ಲೇ ಇದೆ.

ಹೈಟಿಯದ್ದು ಇನ್ನೂ ಹೇಸಿಗೆ. ಸ್ವಾತಂತ್ರ್ಯ ಬಂದ ಕಾಲದಿಂದ ವಿದೇಶಿಯರಿಗೆ ಅಲ್ಲಿ ಜಮೀನು ಕೊಳ್ಳಲು ಬಿಡುತ್ತಿರಲಿಲ್ಲ. 1915ರಲ್ಲಿ ಅಮೆರಿಕದ ಸೇನೆ ಇಳಿಯಿತು. ಅವರ ಕರಡಿಗೆ ಒಪ್ಪದ ಸಂಸತ್ತನ್ನು ವಿಸರ್ಜಿಸಿ, 1918ರಲ್ಲಿ ಜನಮತಗಣನೆ ಅಂತ ಒಂದು ನಾಟಕ ಮಾಡಿ, ಆ ನಿಷೇಧವನ್ನು ತೆಗೆಸಿದರು. ಆಗ ನೌಕಾ ಇಲಾಖೆಯಲ್ಲಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಹೈಟಿಯ ಸಂವಿಧಾನ ಬರೆದದ್ದು ನಾನೇ ಅಂತ 1920ರ ಚುನಾವಣಾ ಭಾಷಣದಲ್ಲಿ ಕೊಚ್ಚಿಕೊಂಡಿದ್ದರು. ಅದು ಸುಮ್ನೆ ಜಂಬ, ಆದರೆ ಅಂಥದ್ದನ್ನು ಜಂಬದ ವಿಷಯ ಅಂದುಕೊಂಡಿದ್ದರು ನೋಡಿ.

ಹೇರಿದ್ದೆಲ್ಲ ಬೇಗ ಬಿದ್ದುಹೋಗುತ್ತದೆ ಅಂತಲೂ ಅಲ್ಲ. ಬೋಸ್ನಿಯಾದ ಸಂವಿಧಾನ 1995ರಲ್ಲಿ ಅಮೆರಿಕದ ಡೇಟನ್‌ನ ವಾಯುನೆಲೆಯಲ್ಲಿ ನಡೆದ ಶಾಂತಿ ಒಪ್ಪಂದದ ನಾಲ್ಕನೇ ಅನುಬಂಧ. ಅಧ್ಯಕ್ಷ ಸ್ಥಾನದಲ್ಲಿ ಮೂವರು: ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೊವಾಟ್, ಒಬ್ಬ ಸರ್ಬ್. ಯಹೂದಿಯೋ ರೋಮಾ ಸಮುದಾಯದವರೋ ಆದರೆ ಸ್ಪರ್ಧಿಸುವ ಹಾಗೇ ಇಲ್ಲ. ಇದು ತಾರತಮ್ಯ ಅಂತ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2009ರಲ್ಲೇ ಹೇಳಿತು. ಬದಲಾಗಲಿಲ್ಲ. ಒಳಗೆ ಲಾಭ ಇರುವವರು ಇಲ್ಲೂ ಇದ್ದಾರೆ, ಆದರೆ ಅವರು ಆ ಮೂರು ಬಣಗಳ ರಾಜಕಾರಣಿಗಳು. ಯುದ್ಧ ನಿಲ್ಲಿಸಲು ಮಾಡಿದ ಏರ್ಪಾಡು ಅವರಿಗೆ ಶಾಶ್ವತ ಕುರ್ಚಿಯಾಯಿತು. ಹಾಗಾಗಿ 'ಒಳಗಿನವರಿಗೆ ಒಗ್ಗಿದೆ' ಅಂದಾಗ ಒಳಗಿನ ಯಾರಿಗೆ ಅಂತ ಕೇಳುವುದನ್ನು ಮರೆಯಬೇಡಿ.

ಇನ್ನು ನಮ್ಮದು. 1935ರ ಭಾರತ ಸರ್ಕಾರ ಕಾಯ್ದೆಯಿಂದ ಬಂದದ್ದು ನಮ್ಮ ಸಂವಿಧಾನದಲ್ಲಿ ಬೇಕಾದಷ್ಟಿದೆ. ಅಂಬೇಡ್ಕರ್ ಇದನ್ನು ಮುಚ್ಚಿಡಲಿಲ್ಲ. ಸಂವಿಧಾನದ ಮೂಲ ವಿಚಾರಗಳಿಗೆ ಯಾರ ಪೇಟೆಂಟೂ ಇಲ್ಲ ಅಂತ 1948ರ ನವೆಂಬರ್ 4ರಂದು ಸಭೆಯಲ್ಲೇ ಹೇಳಿದರು. ಆ ಕಾಯ್ದೆಯಿಂದ ತಂದದ್ದರಲ್ಲಿ ಹೆಚ್ಚಿನದು ಆಡಳಿತದ ವಿವರಗಳು, ಅದು ಮಾತ್ರ ಬೇಸರ ಅಂತಲೂ ಸೇರಿಸಿದರು. ಆದರೆ ಬೀಗ ಪೂರ್ತಿ ನಮ್ಮದು. ಒಪ್ಪಿಗೆಗೆ ಲಂಡನ್ನಿಗೆ ಕಳಿಸಲಿಲ್ಲ. 395ನೇ ವಿಧಿ 1935ರ ಕಾಯ್ದೆಯನ್ನೂ, ಬ್ರಿಟಿಷ್ ಸಂಸತ್ತು ಮಾಡಿದ ಸ್ವಾತಂತ್ರ್ಯ ಕಾಯ್ದೆಯನ್ನೂ ರದ್ದು ಮಾಡಿತು. ಕೆನಡಾಕ್ಕೆ ತನ್ನ ಸಂವಿಧಾನವನ್ನು ಪೂರ್ತಿಯಾಗಿ ತಾನೇ ತಿದ್ದಿಕೊಳ್ಳುವ ಅಧಿಕಾರ ಸಿಗಲು 1982ರವರೆಗೆ ಕಾಯಬೇಕಾಯಿತು.

ಹೊರಗಿನ ಸಲಹೆ ನಮ್ಮಲ್ಲಿ ಹೇಗೆ ಕೆಲಸ ಮಾಡಿತು ಅನ್ನುವುದಕ್ಕೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಯುವ 21ನೇ ವಿಧಿಯೇ ಒಳ್ಳೇ ಉದಾಹರಣೆ. ಮಂಗಳೂರಿನಲ್ಲಿ ಹುಟ್ಟಿದ ಬಿ. ಎನ್. ರಾವ್ ಸಂವಿಧಾನ ಸಭೆಯ ಸಲಹೆಗಾರರು. (ಬರ್ಮಾದ 1947ರ ಸಂವಿಧಾನಕ್ಕೂ ಅವರು ನೆರವಾದರು. ಹೊರಗಿನ ಸಲಹೆಗಾರ ಅಂದರೆ ಯಾವಾಗಲೂ ಬಿಳಿಯನೇ ಆಗಬೇಕಿಲ್ಲ.) 1947ರ ಕೊನೆಗೆ ರಾವ್ ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ ಮಾದರಿಯ 'ಡ್ಯೂ ಪ್ರಾಸೆಸ್' (ಕಾನೂನು ನ್ಯಾಯವಾಗಿದೆಯಾ ಅಂತ ಕೋರ್ಟು ನೋಡಬಹುದು ಅನ್ನುವ ತತ್ವ) ನಿಮಗೆ ಬೇಡ, ಆರಿಸಿ ಬಂದವರು ಮಾಡಿದ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ಹೊಡೆದು ಹಾಕುವ ಹಾಗಾಗುತ್ತದೆ ಅಂತ ಫ್ರಾಂಕ್‌ಫರ್ಟರ್ ಹೇಳಿದರು. ಕರಡು ಸಮಿತಿ ಅದನ್ನು ತೆಗೆದು 'ಕಾನೂನು ಗೊತ್ತುಪಡಿಸಿದ ವಿಧಾನ' ಅಂತ ಹಾಕಿತು. ಅದಕ್ಕೆ ತೋರಿಸಿದ ಆಧಾರ ಜಪಾನಿನ ಹೊಸ ಸಂವಿಧಾನದ 31ನೇ ವಿಧಿ! ಅಂದರೆ ಅಮೆರಿಕದವರು ಟೋಕಿಯೋದಲ್ಲಿ ಕರಡು ಹಾಕಿದ ವಿಧಿ, ಅಮೆರಿಕದ ನ್ಯಾಯಮೂರ್ತಿಯ ಸಲಹೆಯ ಬೆನ್ನಿಗೆ, ದೆಹಲಿಗೆ ಬಂತು.

ಇದನ್ನು ಹೇರಿಕೆ ಅಂತ ನಾನು ಕರೆಯುವುದಿಲ್ಲ. ವಿಚಾರಣೆ ಇಲ್ಲದೆ ಬಂಧಿಸುವ ಅಧಿಕಾರ ವಿಭಜನೆಯ ಗಲಭೆಯ ಆ ದಿನಗಳಲ್ಲಿ ಸರ್ಕಾರಕ್ಕೆ ಬೇಕಿತ್ತು. ಕೋರ್ಟು ಅಡ್ಡ ಬರದಿದ್ದರೆ ಸಾಕು ಅನ್ನುವವರು ನಮ್ಮೊಳಗೇ ಇದ್ದರು, ಫ್ರಾಂಕ್‌ಫರ್ಟರ್ ಮಾತು ಅವರಿಗೆ ಸರಿಯಾಗಿ ಒದಗಿತು. ಮುನ್ಶಿ, ಠಾಕೂರ್ ದಾಸ್ ಭಾರ್ಗವ ಅಂಥವರು ಸಭೆಯಲ್ಲಿ ಜೋರಾಗಿ ವಿರೋಧಿಸಿದರು, ಸೋತರು. 1950ರ ಗೋಪಾಲನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 'ಕಾನೂನು ಗೊತ್ತುಪಡಿಸಿದ ವಿಧಾನ' ಅನ್ನುವ ಮಾತನ್ನು ಅಕ್ಷರಶಃ ಓದಿತು. 1978ರ ಮೇನಕಾ ಗಾಂಧಿ ಪಾಸ್‌ಪೋರ್ಟ್ ಮೊಕದ್ದಮೆಯಲ್ಲಿ ಅದೇ ಕೋರ್ಟು, ಆ ವಿಧಾನ ನ್ಯಾಯವಾಗಿಯೂ ಇರಬೇಕು ಅಂದಿತು. ಭಾರ್ಗವ ಕೇಳಿದ್ದು ಹೆಚ್ಚುಕಡಿಮೆ ಅದನ್ನೇ.

ಪಠ್ಯದಲ್ಲಿ ಈ ಎರಡು ಮೊಕದ್ದಮೆಗಳು ನಿಮಗೆ ಹೇಗೂ ಬರುತ್ತವೆ. ಅದಕ್ಕೂ ಮೊದಲು 1948ರ ಡಿಸೆಂಬರ್ 6 ಮತ್ತು 13ರ ಸಂವಿಧಾನ ಸಭೆಯ ಚರ್ಚೆ ಓದಿಕೊಳ್ಳಿ. ಕರಡಿನಲ್ಲಿ ಇಂದಿನ 21ನೇ ವಿಧಿ 15ನೇ ವಿಧಿ ಆಗಿತ್ತು, ಆ ಸಂಖ್ಯೆ ಹಾಕಿ ಹುಡುಕಿ. ಎರಡೂ ಕಡೆಯ ವಾದ ಕೇಳಿ, ಯಾವ ಕಡೆಗೂ ಪೂರ್ತಿ ವಾಲದೆ ಕೊನೆಗೆ ತೀರ್ಮಾನವನ್ನು ಸಭೆಗೇ ಬಿಟ್ಟ ಅಂಬೇಡ್ಕರ್ ಅಲ್ಲಿ ಸಿಗುತ್ತಾರೆ.